ಹತ್ತು ನಿಮಿಷ ಎಂದು ಬರೆದ ಪುಟಗಳು

ಆ ಪ್ರಯೋಗಾಲಯದಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ. ಬೆಳಿಗ್ಗೆ ಎಂಟೂವರೆಗೆ ಅವಳು ಮೆಟ್ಟಿಲು ಹತ್ತಿದಳೆಂದರೆ ಬಾಗಿಲ ಕಾವಲಿನವನು ತನ್ನ ಕೈಗಡಿಯಾರವನ್ನು ಸರಿಮಾಡಿಕೊಳ್ಳುತ್ತಾನೆ ಎಂಬ ಮಾತಿತ್ತು. ಆ ಮಾತನ್ನು ಹಬ್ಬಿಸಿದವನು ಅವನೇ. ಹದಿನೆಂಟು ವರ್ಷಗಳಲ್ಲಿ ಅವಳು ತಡವಾಗಿ ಬಂದದ್ದು ನಾಲ್ಕು ಸಲ ಮಾತ್ರ, ಅದರಲ್ಲೂ ಎರಡು ಸಲ ಬಸ್ಸಿನದೇ ತಪ್ಪು.

ಅವಳ ಕೆಲಸ ಜೀವಕೋಶಗಳನ್ನು ಸಾಕುವುದು. ರಸ್ತೆಯಾಚೆ ಹೆರಿಗೆ ಆಸ್ಪತ್ರೆ. ಅಲ್ಲಿ ಮಗು ಹುಟ್ಟಿದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿಯನ್ನು, ತಾಯಿಯ ಒಪ್ಪಿಗೆ ಪಡೆದು, ವಾರ್ಡಿನ ಆಯಾ ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದಳು. ಹೆಚ್ಚುಕಡಿಮೆ ವಾರಕ್ಕೊಂದು ಡಬ್ಬಿ, ಹನ್ನೊಂದರ ಸುಮಾರಿಗೆ ಕೈಸೇರುತ್ತಿತ್ತು. ಅಕ್ಕ ಬಳ್ಳಿಯನ್ನು ತೊಳೆದು, ಅದರ ನಡುವಿನ ದಪ್ಪ ರಕ್ತನಾಳಕ್ಕೆ ಸಣ್ಣ ನಳಿಕೆ ಕಟ್ಟಿ, ಉಪ್ಪುನೀರು ಹಾಯಿಸಿ ರಕ್ತವನ್ನೆಲ್ಲ ಹೊರತೆಗೆದು, ಒಳಗೆ ಕಿಣ್ವದ ದ್ರವ ತುಂಬಿ, ಎರಡೂ ತುದಿ ಬಿಗಿದು ಬಿಸಿನೀರಿನ ತೊಟ್ಟಿಯಲ್ಲಿ ಮಲಗಿಸುತ್ತಿದ್ದಳು. ಮೈಬಿಸಿಯಷ್ಟೇ ಬಿಸಿಯ ನೀರು. ಹತ್ತು ನಿಮಿಷದಲ್ಲಿ ಆ ಕಿಣ್ವ ನಾಳದ ಒಳಪದರದ ಕೋಶಗಳನ್ನು ಮಾತ್ರ ಸಡಿಲಿಸುತ್ತದೆ. ಆಮೇಲೆ ಅವನ್ನು ನಳಿಕೆಯಿಂದ ಹೊರಕ್ಕೆ ತೊಳೆದುಕೊಂಡು ತಟ್ಟೆಗೆ ಹಾಕಿದರೆ, ಎರಡು ಮೂರು ದಿನದಲ್ಲಿ ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಒಂದರ ಪಕ್ಕ ಒಂದು ಕೂತು ತಟ್ಟೆ ತುಂಬುತ್ತವೆ.

ಮುಂದಿನದು ಮಿಶ್ರಣ. ಈ ಕೋಶಗಳು ಐದು ಪಾಲು, ಚರ್ಮದಿಂದ ತೆಗೆದ ಕೋಶಗಳು ಒಂದು ಪಾಲು. ಎರಡನ್ನೂ ತೆಳ್ಳಗಿನ ಗಂಜಿಯಂಥ ದ್ರವದಲ್ಲಿ ಕಲಸಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಅದು ಹೆಪ್ಪುಗಟ್ಟುತ್ತದೆ. ಮರುದಿನ ನೋಡಿದರೆ ಆ ಹೆಪ್ಪಿನೊಳಗೆ ಕೋಶಗಳು ಒಂದನ್ನೊಂದು ಹುಡುಕಿ ಕೈ ಚಾಚಿರುತ್ತವೆ. ಐದನೆಯ ದಿನಕ್ಕೆ ಕೈಗಳೆಲ್ಲ ಕೂಡಿ ಸಣ್ಣ ರಕ್ತನಾಳಗಳ ಬಲೆಯಾಗುತ್ತವೆ. ಬರೀ ನಾಳದ ಕೋಶಗಳಿದ್ದರೆ ಆ ಬಲೆ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಚರ್ಮದ ಕೋಶಗಳು ಚಪ್ಪರದ ಕಂಬಗಳ ಹಾಗೆ ಅದನ್ನು ಎತ್ತಿ ಹಿಡಿಯುತ್ತವೆ. ಅಷ್ಟಾದರೂ ಬೇರೆಯವರ ಬಲೆಗಳು ಒಂದು ವಾರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅಕ್ಕ ಬೆಳೆಸಿದ್ದು ಮೂರು ವಾರ ನಿಲ್ಲುತ್ತಿತ್ತು.

ನಾಲ್ಕು ವರ್ಷದ ಹಿಂದೆ ಪ್ರಯೋಗಾಲಯದ ಪ್ರೊಫೆಸರ್ ಐದಕ್ಕೆ ಒಂದು ಎಂಬ ಆ ಪಾಲನ್ನು ಲೆಕ್ಕ ಹಾಕಿ ಕೊಟ್ಟಿದ್ದರು. ಅದೇ ವರ್ಷದಿಂದ ಬಲೆಗಳು ಕುಸಿಯದೆ ನಿಂತವು. ಅವರು ಅದನ್ನು ಬರೆದು ಪ್ರಕಟಿಸಿದರು. ಹತ್ತಾರು ಕಡೆಯಿಂದ ಪತ್ರ ಬಂತು. ಕೆಲವರು ತಮಗೆ ಹಾಗೆ ಬರುತ್ತಿಲ್ಲ ಎಂದೂ ಬರೆದರು.

"ಅವರ ಹತ್ರ ಪಾಲು ಇದೆ, ನಮ್ಮ ಅಕ್ಕನ ಕೈಗುಣ ಇಲ್ಲ," ಎಂದು ಪ್ರೊಫೆಸರ್ ನಗುತ್ತಿದ್ದರು. ಅಂಥ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಹೋದರೂ ಅಕ್ಕನಿಗೆ ಕಾಲು ನೋಯುತ್ತಿರಲಿಲ್ಲ.

ಮನೆಯಲ್ಲಿ ನಿಜವಾಗಿ ಕಾಲು ನೋಯುತ್ತಿದ್ದುದು ಅವಳ ಗಂಡನಿಗೆ. ಇಪ್ಪತ್ತೆಂಟು ವರ್ಷ ಬಸ್ಸಿನ ಕಂಡಕ್ಟರಾಗಿದ್ದವನು. ಸಕ್ಕರೆ ಕಾಯಿಲೆ ಕಾಲಿನ ನಾಳಗಳಿಗೆ ಇಳಿದು, ನಾಲ್ಕು ವರ್ಷದ ಹಿಂದೆ ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಈಗ ಮೊಣಕಾಲಿನ ಕೆಳಗೆ ನಾಳ ಕಟ್ಟಿಕೊಂಡಿದೆ, ಶಸ್ತ್ರಚಿಕಿತ್ಸೆ ಮಾಡಿ ಬಿಡಿಸದಿದ್ದರೆ ಪಾದವೇ ಹೋಗುತ್ತದೆ ಎಂದಿದ್ದರು. ಚಿಕಿತ್ಸೆಯೆಲ್ಲ ಅವಳ ನೌಕರಿಯ ಆರೋಗ್ಯ ಕಾರ್ಡಿನ ಮೇಲೆ. ಕಾರ್ಡು ಅವಳ ಹೆಸರಿನಲ್ಲಿತ್ತು, ಕಾಲು ಅವನದು. "ನನ್ನ ಕಾಲು ನಿನ್ನ ಪರ್ಸಲ್ಲಿದೆ, ಹುಷಾರಾಗಿ ಇಟ್ಕೋ," ಎಂದು ಅವನು ತಮಾಷೆ ಮಾಡುತ್ತಿದ್ದ.

ಬೆರಳು ತೆಗೆದ ಮೇಲೆ ಅವನು ಮಧ್ಯಾಹ್ನದ ಇನ್ಸುಲಿನ್ ಚುಚ್ಚಿಕೊಳ್ಳಲು ಹಟ ಮಾಡತೊಡಗಿದ. ಮರೆತೆ ಎನ್ನುತ್ತಿದ್ದ. ಇಲ್ಲವೇ ಚುಚ್ಚಿಕೊಂಡು ಊಟ ಮಾಡದೆ ಮಲಗಿಬಿಡುತ್ತಿದ್ದ. ಅದು ಇನ್ನೂ ಅಪಾಯ. ಆದ್ದರಿಂದ ದಿನಾ ಹನ್ನೆರಡೂ ಕಾಲಿಗೆ, ಬಳ್ಳಿ ಬಂದ ದಿನ ಅದನ್ನು ತೊಟ್ಟಿಯಲ್ಲಿ ಮಲಗಿಸಿದ ಕೂಡಲೇ, ಅಕ್ಕ ಕೈಗವಸು ಬಿಚ್ಚಿ ಹೊರಗಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಫೋನ್ ಮಾಡುತ್ತಿದ್ದಳು.

"ಚುಚ್ಕೊಂಡ್ರಾ?"

"ಚುಚ್ಕೊಂಡೆ ಕಣೇ. ಟಿಕೆಟ್ ತೋರಿಸ್ಲಾ?"

"ತಟ್ಟೆ ಮುಂದೆ ಇದೆಯಾ? ತಿನ್ನಿ. ನನಗೆ ಕೇಳಿಸ್ಬೇಕು."

ಅವನು ತಿನ್ನುತ್ತಿದ್ದ, ತಿನ್ನುತ್ತಾ ಮಾತಾಡುತ್ತಿದ್ದ. ಇಡೀ ದಿನ ನೂರಾರು ಜನರ ಜೊತೆ ಮಾತಾಡಿ ರೂಢಿಯಾದವನಿಗೆ ಈಗ ಉಳಿದಿದ್ದ ಮಾತು ಅದೊಂದೇ. ಮೊದಮೊದಲು ಆ ಫೋನು ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಹತ್ತಾಯಿತು. ಆಮೇಲೆ ಎಷ್ಟಾಯಿತೆಂದು ಅವಳು ನೋಡಲಿಲ್ಲ. ಗಡಿಯಾರದಕ್ಕನಿಗೆ ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಅವಳ ದಿನ ತನ್ನಷ್ಟಕ್ಕೆ ತಾನೇ ಉರುಳುತ್ತಿತ್ತು.

ಪ್ರಯೋಗಾಲಯದಲ್ಲಿ ಎಲ್ಲರೂ ಮಾಡುವ ಒಂದು ಕೆಲಸವಿತ್ತು. ಕೈಗವಸು ಹಾಕಿಕೊಂಡ ಮೇಲೆ ಪುಸ್ತಕ ಮುಟ್ಟುವಂತಿಲ್ಲ. ಹಾಗಾಗಿ ದಿನದ ಪುಟವನ್ನು ಕೆಲಸಕ್ಕೆ ಮೊದಲೇ ಬರೆದಿಡುತ್ತಿದ್ದರು. ತಾರೀಖು, ಬಳ್ಳಿಯ ಸಂಖ್ಯೆ, ಕಿಣ್ವ ಇಟ್ಟ ಅವಧಿ ಹತ್ತು ನಿಮಿಷ, ಕೆಳಗೆ ಸಹಿ. ಅಕ್ಕನ ಅಕ್ಷರ ದುಂಡಗೆ, ಓರೆಯಿಲ್ಲದೆ ಇರುತ್ತಿತ್ತು. ಹೊಸಬರಿಗೆ ಪುಸ್ತಕ ಬರೆಯುವುದು ಹೇಗೆಂದು ತೋರಿಸಲು ಪ್ರೊಫೆಸರ್ ಅವಳ ಪುಸ್ತಕವನ್ನೇ ತೆಗೆಯುತ್ತಿದ್ದರು.

ಹೊಸ ಹುಡುಗಿಯೊಬ್ಬಳು ಕೆಲಸ ಕಲಿತದ್ದು ಆ ಪುಸ್ತಕವನ್ನು ಓದಿಕೊಂಡೇ. ಡಾಕ್ಟರೇಟಿಗೆಂದು ಸೇರಿದವಳು, ಸಣ್ಣ ಮೈಯವಳು, ಮಾತು ಕಡಿಮೆ. ಅವಳ ಕೆಲಸ ಅಕ್ಕನ ಬಲೆಗಳೊಳಗೆ ದ್ರವ ಹರಿಸಿ ನೋಡುವುದು. ಆದರೆ ತನ್ನ ಬಲೆಯನ್ನು ತಾನೇ ಬೆಳೆಸುತ್ತೇನೆ ಎಂದು ಹಟ ಹಿಡಿದಳು. ಎಂಟು ತಿಂಗಳು ಬೆಳೆಸಿದಳು. ಒಂದೂ ಏಳನೆಯ ದಿನ ಕಾಣಲಿಲ್ಲ. ಆರನೆಯ ದಿನ ಬೆಳಿಗ್ಗೆ ನೋಡಿದರೆ ಕೈಕೈ ಹಿಡಿದಿದ್ದ ಕೋಶಗಳೆಲ್ಲ ಅಲ್ಲಲ್ಲೇ ಗುಡ್ಡೆಯಾಗಿ ಬಿದ್ದಿರುತ್ತಿದ್ದವು.

ಡಬ್ಬಿ ತಂದುಕೊಡಲು ಬಂದ ಆಯಾ ಒಂದು ದಿನ ಬಾಗಿಲಲ್ಲಿ ನಿಂತು ಹುಡುಗಿಯ ಮುಖ ನೋಡಿದಳು.

"ಏನಮ್ಮಾ ಮರಿ ಡಾಕ್ಟ್ರೇ, ಮತ್ತೆ ಹೋಯ್ತಾ? ನಾನು ಕೊಡೋ ಬಳ್ಳೀಲಿ ಹುಳುಕಿಲ್ಲ ನೋಡು. ಎಲ್ಲಾ ಗುಂಡುಗುಂಡಾಗಿರೋ ಮಕ್ಕಳದ್ದೇ."

"ಬಳ್ಳಿ ಚೆನ್ನಾಗೇ ಇದೆ, ಆಯಮ್ಮ. ನಾನೇ ಸರಿಯಿಲ್ಲ."

"ಅಯ್ಯೋ, ಹಾಗನ್ಬೇಡ. ಒಂದ್ಸಲ ಗಡಿಯಾರದಕ್ಕನ ಕೈ ಹಿಡ್ಕೊಂಡು ಕಲಸು, ಆಗ ನಿಲ್ಲುತ್ತೆ," ಎಂದು ಆಯಾ ಹೋದಳು. ಅಕ್ಕ ಅಲ್ಲೇ ಇದ್ದಳು. ಕೇಳಿಸದವಳ ಹಾಗೆ ಬಾಟಲಿಗಳ ಮುಚ್ಚಳ ಒರೆಸಿದಳು.

ಮರುವಾರ ಪ್ರೊಫೆಸರ್ ಅಕ್ಕನನ್ನು ಕೋಣೆಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಲೇ ಹೇಳಿದರು.

"ಆರು ವಾರಕ್ಕೆ ಸಮಿತಿ ಕೂರುತ್ತೆ. ಅಷ್ಟರೊಳಗೆ ಅವಳ ಒಂದು ಬಲೆಯಾದ್ರೂ ನಿಂತು ತೋರಿಸ್ಬೇಕು. ಇಲ್ಲಾಂದ್ರೆ ಅವಳ ಸೀಟು ಹೋಗುತ್ತೆ. ನಾನು ಎಷ್ಟು ಅಂತ ತಡೀಲಿ? ನೀವು ಪಕ್ಕದಲ್ಲಿ ನಿಂತು ನೋಡಿ. ಎಲ್ಲೋ ಕೈ ತಪ್ತಿದೆ."

ಅಕ್ಕ ನಿಂತು ನೋಡಿದಳು. ಕೈ ತಪ್ಪಲಿಲ್ಲ. ಹುಡುಗಿ ನಳಿಕೆ ಕಟ್ಟುವುದು ತನಗಿಂತ ಅಚ್ಚುಕಟ್ಟು ಎಂದು ಅವಳಿಗೇ ಅನಿಸಿತು. ಬಳ್ಳಿ ತೊಟ್ಟಿಗೆ ಇಳಿಯಿತು. ಹನ್ನೆರಡೂ ಕಾಲಾಗಿತ್ತು. ಅಕ್ಕ ಎಂದಿನಂತೆ ಕೈಗವಸು ಬಿಚ್ಚಿ ಮೆಟ್ಟಿಲಿಗೆ ಹೋದಳು. ಗಂಡ ಊಟ ಮುಗಿಸಿ ನೀರು ಕುಡಿದ ಸದ್ದು ಕೇಳಿ, ಫೋನ್ ಇಟ್ಟು ಒಳಗೆ ಬಂದಳು. ತೊಟ್ಟಿ ಖಾಲಿಯಾಗಿತ್ತು. ಬಳ್ಳಿ ಕಸದ ಚೀಲ ಸೇರಿತ್ತು. ಹುಡುಗಿ ಕೋಶಗಳನ್ನು ಆಗಲೇ ತಟ್ಟೆಗೆ ಹಾಕಿ, ಮೇಜು ಒರೆಸುತ್ತಿದ್ದಳು.

"ಇದೇನೇ, ಇಷ್ಟು ಬೇಗ?"

"ಬೇಗ ಎಲ್ಲಿ ಅಕ್ಕ? ಹತ್ತು ನಿಮಿಷಕ್ಕೆ ಅಲಾರಂ ಇಟ್ಟಿದ್ದೆ. ನಿಮ್ಮ ಪುಸ್ತಕದಲ್ಲಿ ಇರೋದೇ ಹತ್ತು."

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡು ಮೂವತ್ತೇಳು. ಅವಳು ಹೊರಗಿದ್ದದ್ದು ಇಪ್ಪತ್ತೆರಡು ನಿಮಿಷ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಸರಿ, ಸರಿ," ಎಂದಳು.

ಅವಳು ಓದಿದ್ದು ಹೆಚ್ಚಿಲ್ಲದಿರಬಹುದು, ಆದರೆ ಹದಿನೆಂಟು ವರ್ಷ ಕೋಶ ಸಾಕಿದವಳು. ಕಿಣ್ವ ಹೆಚ್ಚು ಹೊತ್ತು ಇದ್ದರೆ ಒಳಪದರದಲ್ಲಿ ನಿಲ್ಲುವುದಿಲ್ಲ, ಗೋಡೆಯನ್ನೂ ಕೊರೆಯುತ್ತದೆ, ಗೋಡೆಯ ಸ್ನಾಯುಕೋಶಗಳೂ ಬಿಟ್ಟುಕೊಂಡು ಬರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ತನ್ನ ತಟ್ಟೆಗಳಲ್ಲಿ, ಹಾಸುಗಲ್ಲಿನಂಥ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಉದ್ದನೆಯ ಕೋಶ ಮಲಗಿರುವುದನ್ನು ಅವಳು ಕಂಡೂ ಇದ್ದಳು. ಕಂಡು, ಇವತ್ತು ಸುಗ್ಗಿ ಚೆನ್ನಾಗಿ ಬಂದಿದೆ, ಕೋಶ ಹೆಚ್ಚು ಸಿಕ್ಕಿವೆ ಎಂದುಕೊಂಡಿದ್ದಳು, ಅಷ್ಟೇ. ಬಲೆಯನ್ನು ಎತ್ತಿ ಹಿಡಿದಿದ್ದು ಪ್ರೊಫೆಸರರ ಪಾಲಲ್ಲ. ಅವಳ ಕೈಗುಣವೂ ಅಲ್ಲ. ಅವಳು ಮೆಟ್ಟಿಲ ಮೇಲೆ ಕೂತಿದ್ದಾಗ ಕದ್ದು ಒಳಬಂದ ಆ ಮೂರನೆಯ ಬಗೆಯ ಕೋಶ.

ಹೇಳಿದರೆ ಹುಡುಗಿಯ ಸೀಟು ಉಳಿಯುತ್ತದೆ. ಆದರೆ ಪ್ರಕಟವಾದದ್ದು ಸುಳ್ಳಾಗುತ್ತದೆ, ಪುಸ್ತಕ ಸುಳ್ಳಾಗುತ್ತದೆ, ಸುಳ್ಳು ಬರೆದವಳಿಗೆ ನೌಕರಿ ಉಳಿಯುವುದು ಅನುಮಾನ. ನೌಕರಿಯ ಜೊತೆ ಕಾರ್ಡು, ಕಾರ್ಡಿನ ಜೊತೆ ಕಾಲು. ಗಂಡನ ಶಸ್ತ್ರಚಿಕಿತ್ಸೆಗೆ ಕೊಟ್ಟ ತಾರೀಖು ಮೂರು ತಿಂಗಳಾಚೆ ಇತ್ತು. ಹೇಳದಿದ್ದರೆ? ಸಮಿತಿ ಕೂರುತ್ತದೆ, ಹುಡುಗಿ ಗಂಟುಮೂಟೆ ಕಟ್ಟುತ್ತಾಳೆ, ಅಲ್ಲಿಗೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ.

ಒಂಬತ್ತು ದಿನ ಅವಳು ಸುಮ್ಮನಿದ್ದಳು. ಹುಡುಗಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಎರಡು ಸಲ ಕೋಶಗಳಿಗೆ ಉಣಿಸುವ ಮಾಧ್ಯಮದ್ರವದ ಬಾಟಲಿ ಕೈಜಾರಿ ಒಡೆಯಿತು. ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಗಂಡನ ಪಾದಕ್ಕೆ ಬಟ್ಟೆ ಸುತ್ತುತ್ತಾ ಕೇಳಿದಳು.

"ರೀ, ನೀವು ಬಸ್ಸಲ್ಲಿದ್ದಾಗ ನಿಮ್ಮ ತಪ್ಪಿಗೆ ಬೇರೆಯವರನ್ನ ಕೆಲಸದಿಂದ ತೆಗೆದಿದ್ರಾ?"

"ಒಂದ್ಸಲ. ಸೀಟಿ ಊದಿದ್ದು ನಾನು. ಮುದುಕಿ ಇನ್ನೂ ಇಳೀತಿದ್ಲು, ಬಿದ್ಲು. ಡ್ರೈವರ್ ನೋಡದೆ ಎಳೆದ ಅಂತ ಬರೆದ್ರು. ನಾನು ಬಾಯಿ ಬಿಡ್ಲಿಲ್ಲ."

"ಆಮೇಲೆ?"

"ಆಮೇಲೆ ಏನು? ಹತ್ತು ವರ್ಷ ಅದೇ ರಸ್ತೇಲಿ ಓಡಾಡ್ದೆ. ಅವನ ಮನೆ ಇದ್ದ ಸ್ಟಾಪಿನ ಹೆಸರು ಮಾತ್ರ ಕೂಗ್ತಾ ಇರ್ಲಿಲ್ಲ. ಜನ ಬೈಯೋರು." ಅವನು ಅವಳ ಮುಖ ನೋಡಿದ. "ಏನಾಯ್ತು?"

ಅವಳು ಹೇಳಿದಳು. ಫೋನಿನ ವಿಷಯವನ್ನು ಬಿಟ್ಟು ಹೇಳಲು ನೋಡಿದಳು, ಆಗಲಿಲ್ಲ. ಅದನ್ನು ಬಿಟ್ಟರೆ ಕತೆಯೇ ಇರಲಿಲ್ಲ. ಅವನು ಬಹಳ ಹೊತ್ತು ತನ್ನ ಕಾಲನ್ನೇ ನೋಡುತ್ತಿದ್ದ.

"ಅಂದ್ರೆ ನಾನು ಅನ್ನ ಅಗೀತಾ ಕೂತಿದ್ದು," ಎಂದ. ಅವನಿಗೆ ಯಾವುದಾದರೂ ತಮಾಷೆ ಹೊಳೆಯಬಹುದೆಂದು ಅವಳು ಕಾದಳು. ಹೊಳೆಯಲಿಲ್ಲ. "ಹೇಳು, ಹೋಗು," ಎಂದ ಕೊನೆಗೆ. "ಇನ್ನೊಂದು ಸ್ಟಾಪು ಬಿಟ್ಟು ಓಡಾಡೋಕೆ ನನ್ನಿಂದ ಆಗಲ್ಲ."

ಸೋಮವಾರ ಅಕ್ಕ ಹುಡುಗಿಯನ್ನು ಸಾಮಾನಿನ ಕೋಣೆಗೆ ಕರೆದು ಎಲ್ಲ ಹೇಳಿದಳು. ಹುಡುಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಎಂಟು ತಿಂಗಳು, ಅಕ್ಕ."

"ಹೂಂ."

"ಮನೇಲಿ ಅಪ್ಪನಿಗೆ ಹೇಳ್ಬಿಟ್ಟಿದ್ದೆ, ನನ್ನ ಕೈಲಿ ಆಗಲ್ಲ, ನಾನು ದಡ್ಡಿ ಅಂತ. ನೀವು ಎಷ್ಟು ದಿನದಿಂದ ಗೊತ್ತಿದ್ದೂ ಸುಮ್ನಿದ್ರಿ?"

"ಗೊತ್ತಾಗಿ ಹತ್ತು ದಿನ. ಕಣ್ಣಿಗೆ ಬಿದ್ದು ನಾಲ್ಕು ವರ್ಷ."

ಹುಡುಗಿ ಒಂದು ಕಾಗದ ತೆಗೆದುಕೊಂಡಳು. "ನೀವು ಹೇಳಿದ್ರೆ ಸಾಲದು. ಮಾಡಿ ತೋರಿಸ್ಬೇಕು," ಎಂದಳು. ಅವಳ ದನಿಯಲ್ಲಿ ಅಕ್ಕ ಎಂಬ ಮಾತು ಆಮೇಲೆ ಕಡಿಮೆಯಾಯಿತು.

ಅವತ್ತಿನ ಬಳ್ಳಿಯನ್ನು ಎರಡು ತುಂಡು ಮಾಡಿದರು. ಒಂದೇ ತಾಯಿ, ಒಂದೇ ಮಗು, ಒಂದೇ ಕಿಣ್ವ. ಒಂದು ತುಂಡು ಹತ್ತು ನಿಮಿಷ, ಇನ್ನೊಂದು ಇಪ್ಪತ್ತೆರಡು. ಅಕ್ಕ ಮಾಡಿದಳು, ಹುಡುಗಿ ಪಕ್ಕದಲ್ಲಿ ನಿಂತು ಗಡಿಯಾರ ನೋಡಿ ಬರೆದಳು, ಆದ ಮೇಲೆ ಬರೆದಳು. ಐದು ದಿನ ಕೋಶ ಬೆಳೆಸಿ, ಚರ್ಮದ ಕೋಶಗಳ ಜೊತೆ ಕಲಸಿ, ಹೆಪ್ಪು ಹಾಕಿದರು. ದಿನ ಬಿಟ್ಟು ದಿನ ಮಾಧ್ಯಮ ಬದಲಿಸಿದರು.

ಆರನೆಯ ದಿನ ಹತ್ತು ನಿಮಿಷದ ಬಲೆ ಕುಸಿಯಿತು. ಇನ್ನೊಂದು ನಿಂತಿತ್ತು. ಹನ್ನೆರಡನೆಯ ದಿನವೂ ನಿಂತಿತ್ತು. ಹುಡುಗಿ ಅದರಿಂದ ಒಂದು ತುಣುಕು ತೆಗೆದು, ನಾಳದ ಕೋಶಕ್ಕೆ ಹತ್ತುವ ಹಸಿರು, ಸ್ನಾಯುಕೋಶಕ್ಕೆ ಮಾತ್ರ ಹತ್ತುವ ಕೆಂಪು ಬಣ್ಣ ಹಾಕಿದಳು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕುರ್ಚಿ ಬಿಟ್ಟುಕೊಟ್ಟಳು. ಅಕ್ಕ ಕೂತು ನೋಡಿದಳು. ಹಸಿರು ನಾಳಗಳು ಕವಲೊಡೆದು ಹಬ್ಬಿದ್ದವು. ಪ್ರತಿ ಕವಲಿನ ಮೈಗೂ ಕೆಂಪು ಕೋಶಗಳು ದಾರ ಸುತ್ತಿದ ಹಾಗೆ ಸುತ್ತಿಕೊಂಡಿದ್ದವು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅವಳು ಸಂತೋಷದಿಂದ ನೋಡುತ್ತಿದ್ದ ಅದೇ ಬಲೆ. ಈಗ ಅದರಲ್ಲಿ ಅವಳಿಗೆ ತನ್ನ ತಪ್ಪೊಂದೇ ಕಂಡಿತು, ಒಂದೊಂದು ಕವಲಿನಲ್ಲೂ.

ಪ್ರೊಫೆಸರ್ ಚಿತ್ರಗಳನ್ನು ನೋಡಿದರು. ಹುಡುಗಿ ಮಾತಾಡುತ್ತಿದ್ದಾಗ ಅವರು ಅಕ್ಕನನ್ನು ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಹುಡುಗಿಯನ್ನು ಕಳಿಸಿದರು.

"ಬೇರೆಯವರು ಬರೆದಿದ್ರು, ಬರ್ತಿಲ್ಲ ಅಂತ. ನಾನು ನಕ್ಕೆ," ಎಂದರು. ಚಿತ್ರಗಳನ್ನು ಬದಿಗೆ ಸರಿಸಿದರು. "ಹೊರಗೆ ಹೋಗಿದ್ದಕ್ಕೆ ನಾನು ಏನೂ ಅಂತಿರ್ಲಿಲ್ಲ. ಇಪ್ಪತ್ತೆರಡು ಅಂತ ಬರೆದಿದ್ರೆ ಅದೇ ಒಂದು ದೊಡ್ಡ ಸಂಗತಿಯಾಗ್ತಿತ್ತು. ನೀವು ಹತ್ತು ಅಂತ ಬರೆದ್ರಿ."

"ಬೆಳಿಗ್ಗೆನೇ ಬರೆದಿಡ್ತಿದ್ದೆ ಸಾರ್. ಎಲ್ಲರೂ ಹಾಗೇ."

"ಎಲ್ಲರ ಪುಸ್ತಕಾನ ನಾನು ನಂಬಿರ್ಲಿಲ್ಲ," ಎಂದರು ಅವರು.

ಅವರು ಪ್ರಕಟವಾದದ್ದನ್ನು ವಾಪಸು ತೆಗೆದುಕೊಳ್ಳುವುದಾಗಿ ಪತ್ರ ಬರೆದರು. ಹುಡುಗಿಗೆ ಒಂದು ವರ್ಷ ಹೆಚ್ಚು ಸಿಕ್ಕಿತು. ಮೂರು ಬಗೆಯ ಕೋಶಗಳನ್ನು ಅಳತೆ ಮಾಡಿ ಕಲಸುವ ಕೆಲಸವನ್ನು ಅವಳು ಮೊದಲಿನಿಂದ ಶುರುಮಾಡಬೇಕು. ಅಕ್ಕನ ಮೇಲೆ ವಿಚಾರಣೆ ನಡೆಯುತ್ತದೆ, ಅದು ಪ್ರೊಫೆಸರರ ಕೈಯಲ್ಲಿಲ್ಲ. ಮುಗಿಯುವ ತನಕ ಕಾರ್ಡು ಇರುತ್ತದೆ, ಕೋಶಗಳ ಕೋಣೆಗೆ ಕಾಲಿಡುವಂತಿಲ್ಲ. ವಿಚಾರಣೆ ಆರು ವಾರವಾಗಬಹುದು ಎಂದರು. ಗಂಡನ ಶಸ್ತ್ರಚಿಕಿತ್ಸೆಗೆ ಇನ್ನೂ ಎಂಟು ವಾರವಿತ್ತು. ತಾರೀಖು ಮುಂದೆ ತರಲು ಅಕ್ಕ ಆಸ್ಪತ್ರೆಗೆ ಹೋಗಿ ಕೇಳಿದಳು. ಕಿಟಕಿಯ ಹಿಂದಿನ ಗುಮಾಸ್ತ ಪಟ್ಟಿ ತಿರುಗಿಸಿ ತೋರಿಸಿದ. ಅವಳಿಗಿಂತ ಮುಂದೆ ಇದ್ದವರ ಕಾಲುಗಳೂ ಕಾಯುತ್ತಿದ್ದವು.

ಅವತ್ತು ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು.

"ಚುಚ್ಕೊಂಡೆ, ತಿಂತಾ ಇದ್ದೀನಿ," ಎಂದ ಗಂಡ. "ಇನ್ಮೇಲೆ ನೀನು ಮಾಡ್ಬೇಡ. ನಾನೇ ನೋಡ್ಕೋತೀನಿ."

"ಈಗ ನನಗೆ ಪುರುಸೊತ್ತಿದೆ ರೀ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ."

"ಮಾತಾಡೋಕೆ ಏನಿದೆ," ಎಂದು ಅವನು ಇಟ್ಟುಬಿಟ್ಟ. ಒಂದು ನಿಮಿಷವೂ ಆಗಿರಲಿಲ್ಲ.

ವಿಚಾರಣೆಗೆ ಮೊದಲು ಪುಸ್ತಕಗಳನ್ನು ಸರಿಪಡಿಸಬೇಕು ಎಂದಿದ್ದರು. ಫೋನು ಶುರುವಾದ ದಿನದಿಂದ ಈಚೆಗೆ ನೂರ ಅರವತ್ತಮೂರು ಬಳ್ಳಿ, ನೂರ ಅರವತ್ತಮೂರು ಪುಟ. ಹಳೆಯದನ್ನು ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ನಿಜವಾದ ಅವಧಿ ಬರೆದು, ಇಂದಿನ ತಾರೀಖು ಹಾಕಿ ಸಹಿ ಮಾಡಬೇಕು. ಸಾಮಾನಿನ ಕೋಣೆಯಲ್ಲಿ ಅವಳಿಗೆ ಒಂದು ಮೇಜು ಕೊಟ್ಟರು. ಅಕ್ಕ ಮೊದಲ ಪುಟ ತೆರೆದಳು. ಹತ್ತು ಎಂಬುದರ ಮೇಲೆ ಗೆರೆ ಎಳೆದಳು. ಪೆನ್ನು ಅಲ್ಲೇ ನಿಂತಿತು. ಅವತ್ತು ಅವನು ಎಷ್ಟು ಹೊತ್ತು ಮಾತಾಡಿದ್ದ? ಮಳೆಯಿತ್ತೇ? ಹಲ್ಲುನೋವೆಂದು ನಿಧಾನ ತಿಂದಿದ್ದನೇ? ಯೋಚಿಸಿ ಯೋಚಿಸಿ, ಕೊನೆಗೆ "ಗೊತ್ತಿಲ್ಲ" ಎಂದು ಬರೆದು ಸಹಿ ಹಾಕಿದಳು. ಎರಡನೆಯ ಪುಟದಲ್ಲಿಯೂ ಗೊತ್ತಿಲ್ಲ. ಮೂರನೆಯದರಲ್ಲಿಯೂ.

ಎಂಬತ್ತೆಂಟನೆಯ ಬಳ್ಳಿಯ ಪುಟಕ್ಕೆ ಬಂದಾಗ ಅವಳಿಗೆ ಗೊತ್ತಿತ್ತು. ಅವತ್ತು ಅವನು ಫೋನ್ ಎತ್ತಿರಲಿಲ್ಲ. ಅವಳು ಬಿಡದೆ ಮಾಡಿ, ಪಕ್ಕದ ಮನೆಯವಳಿಗೆ ಫೋನ್ ಮಾಡಿ, ಅವಳು ಬಾಗಿಲು ಒಡೆಸಿ ಒಳಹೋಗಿ, ಬಾಯಿಗೆ ಸಕ್ಕರೆ ನೀರು ಹಾಕಿ, "ಕಣ್ಬಿಟ್ರು" ಎಂದು ಹೇಳುವ ತನಕ ಒಂದೊಂದು ನಿಮಿಷವನ್ನೂ ಎಣಿಸುತ್ತಾ ಮೆಟ್ಟಿಲ ಮೇಲೇ ನಿಂತಿದ್ದಳು. ಆಮೇಲೂ ಮನೆಗೆ ಓಡಲಿಲ್ಲ. ಬಳ್ಳಿ ಹಾಳಾಗುತ್ತದೆಂದು ಒಳಗೆ ಬಂದು ಕೆಲಸ ಮುಗಿಸಿಯೇ ಹೋಗಿದ್ದಳು. ಆ ಪುಟದ ಅಂಚಿನಲ್ಲಿ ಪ್ರೊಫೆಸರರ ಕೆಂಪು ಅಕ್ಷರವಿತ್ತು: ಇದುವರೆಗಿನ ಅತ್ಯುತ್ತಮ ಬಲೆ, ಹೀಗೇ ಮುಂದುವರಿಸಿ.

ಅಕ್ಕ ಹತ್ತರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಲವತ್ತೊಂದು ಎಂದು ಬರೆದಳು. ಸಹಿ ಹಾಕಿದಳು. ಮಸಿ ಆರಲೆಂದು ಸ್ವಲ್ಪ ಹೊತ್ತು ಕಾದು, ಪುಟ ತಿರುಗಿಸಿದಳು.